ಲೋಟದ ನೀರಿಗಿರುವ ಭಯ ಬ್ಯಾರನ್‌ಗಿಲ್ಲ: ‘ಎ ಕ್ಯೂರ್ ಫಾರ್ ವೆಲ್‌ನೆಸ್’

ಆಸ್ಪತ್ರೆಯಲ್ಲಿ ಮಲಗಿದವರು ನೀರು ಬೇಡ ಅಂದರೆ ಯಾರೂ ಕೇಳುವುದಿಲ್ಲ. ‘ಸ್ವಲ್ಪ ಕುಡೀರಿ, ಮೈಗೆ ಒಳ್ಳೇದು’ ಎಂದು ಲೋಟ ಕೈಗಿಡುತ್ತಾರೆ. ಗೋರ್ ವರ್ಬಿನ್ಸ್ಕಿ ನಿರ್ದೇಶಿಸಿದ ‘ಎ ಕ್ಯೂರ್ ಫಾರ್ ವೆಲ್‌ನೆಸ್’ ತನ್ನ ಭಯವನ್ನೆಲ್ಲ ಕಟ್ಟಿಕೊಂಡಿರುವುದು ಈ ಒಂದು ಉಪಚಾರದ ಮೇಲೆ. 146 ನಿಮಿಷದ ಚಿತ್ರ. ಮೊದಲ ಎರಡು ಪಾಲು ಲೋಟವನ್ನು ನಂಬಿಕೊಂಡು ನಡೆಯುತ್ತದೆ, ಅಷ್ಟೂ ಹೊತ್ತು ನೋಡುವವರ ಗಂಟಲು ಒಣಗುತ್ತದೆ. ಕೊನೆಯ ಪಾಲಿನಲ್ಲಿ ಲೋಟ ಬದಿಗಿಟ್ಟು ಕೋಟೆ, ಅದರ ಹಳೇ ಒಡೆಯ ಬ್ಯಾರನ್, ಬೆಂಕಿ ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುತ್ತದೆ. ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ.

ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2017ರ ಫೆಬ್ರವರಿಯಲ್ಲಿ. ಖರ್ಚು ಸುಮಾರು 4 ಕೋಟಿ ಡಾಲರ್, ಇಡೀ ಜಗತ್ತಿನ ಗಳಿಕೆ 2.7 ಕೋಟಿಯನ್ನೂ ಮುಟ್ಟಲಿಲ್ಲ. ‘ದಿ ರಿಂಗ್’ ಮತ್ತು ಮೊದಲ ಮೂರು ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಮಾಡಿದ ನಿರ್ದೇಶಕನ ಲೆಕ್ಕದಲ್ಲಿ ಇದು ನೆಲಕಚ್ಚಿದ ಚಿತ್ರವೇ. ಪ್ರಚಾರಕ್ಕೆಂದು ಸುಳ್ಳು ಸುದ್ದಿಯ ಜಾಲತಾಣಗಳನ್ನು ಹುಟ್ಟುಹಾಕಿ, ಬೈಸಿಕೊಂಡು, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕ್ಷಮೆ ಕೇಳಬೇಕಾಯಿತು. ಆ ಗಲಾಟೆಯಲ್ಲಿ ಚಿತ್ರದ ಮಾತೇ ಮರೆತುಹೋಯಿತು. ಈಗ ಮನೆಯಲ್ಲಿ ನಿಧಾನವಾಗಿ ನೋಡಿದರೆ ಅದರ ಗುಣವೂ ದೋಷವೂ ಬೇರೆಬೇರೆಯಾಗಿ ಕಾಣುತ್ತವೆ.

ಕಥೆಯ ಎಳೆ ಸರಳ. ಲಾಕ್‌ಹಾರ್ಟ್ ನ್ಯೂಯಾರ್ಕಿನ ಹಣಕಾಸು ಕಂಪನಿಯೊಂದರ ತರುಣ ಅಧಿಕಾರಿ. ಮೇಲೇರುವ ಆತುರದಲ್ಲಿ ಲೆಕ್ಕದಲ್ಲಿ ಕೈಚಳಕ ಮಾಡಿ ಆಡಳಿತ ಮಂಡಳಿಗೆ ಸಿಕ್ಕಿಬಿದ್ದಿದ್ದಾನೆ. ಕಂಪನಿ ಇನ್ನೊಂದರ ಜೊತೆ ವಿಲೀನವಾಗಬೇಕು, ಅದಕ್ಕೆ ಮುಖ್ಯಸ್ಥ ಪೆಂಬ್ರೋಕ್ ಸಹಿ ಬೇಕು. ತಪ್ಪುಗಳನ್ನು ಹೊರಿಸಲಿಕ್ಕೂ ಒಬ್ಬ ಬೇಕು. ಪೆಂಬ್ರೋಕ್ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟದ ಆರೋಗ್ಯಧಾಮವೊಂದಕ್ಕೆ ಹೋದವನು ಇನ್ನು ಬರುವುದಿಲ್ಲ ಎಂದು ವಿಚಿತ್ರವಾದ ಕಾಗದ ಬರೆದಿದ್ದಾನೆ. ‘ಹೋಗಿ ಕರೆದುಕೊಂಡು ಬಾ, ಇಲ್ಲವಾದರೆ ಜೈಲು ನಿನಗೇ’ ಎಂದು ಲಾಕ್‌ಹಾರ್ಟ್‌ನನ್ನು ಅಟ್ಟುತ್ತಾರೆ. ಅವನು ಮುಟ್ಟುವ ಹೊತ್ತಿಗೆ ಭೇಟಿಯ ಸಮಯ ಮುಗಿದಿರುತ್ತದೆ. ಜಗಳವಾಡಿ ಬೆಟ್ಟ ಇಳಿಯುವಾಗ ಕಾರಿಗೆ ಜಿಂಕೆ ಅಡ್ಡ ಬಂದು ಅಪಘಾತ. ಎಚ್ಚರವಾದಾಗ ಮೂರು ದಿನ ಕಳೆದಿದೆ, ಕಾಲಿಗೆ ಪ್ಲಾಸ್ಟರ್ ಬಿದ್ದಿದೆ. ಪಕ್ಕದಲ್ಲಿ ಒಂದು ಲೋಟ ನೀರು.

ಇಲ್ಲಿಂದ ಮುಂದಿನ ಒಂದು ಗಂಟೆ ಚಿತ್ರದ ಅತ್ಯುತ್ತಮ ಭಾಗ. ಗಟ್ಟಿಯಾಗಿರುವ ಒಬ್ಬ ಮನುಷ್ಯನನ್ನು ರೋಗಿಯಾಗಿಸುವ ಕೆಲಸ ಹೇಗೆ ಹಂತಹಂತವಾಗಿ ನಡೆಯುತ್ತದೆ ಎನ್ನುವುದನ್ನು ಇಷ್ಟು ಸಾವಧಾನವಾಗಿ ತೋರಿಸಿದ ಭಯಾನಕ ಚಿತ್ರಗಳು ಕಡಿಮೆ. ಯಾರೂ ಗದರುವುದಿಲ್ಲ. ಬಾಗಿಲಿಗೆ ಬೀಗವಿಲ್ಲ, ‘ಯಾವಾಗ ಬೇಕಾದರೂ ಹೋಗಬಹುದು’ ಎನ್ನುತ್ತಾರೆ. ಹೋಗಲಿಕ್ಕೆ ಕಾಲಿಲ್ಲ ಅಷ್ಟೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಸೂಟು ಬಿಚ್ಚಿ ಬಿಳಿ ನಿಲುವಂಗಿ ತೊಡುತ್ತಾನೆ. ನೋಡನೋಡುತ್ತ ಅವನೂ ಹುಲ್ಲುಹಾಸಿನ ಮೇಲಿರುವ ಮುದುಕರ ಹಾಗೆಯೇ ಕಾಣಲು ತೊಡಗುತ್ತಾನೆ. ಪೆಂಬ್ರೋಕ್‌ನನ್ನು ನೋಡಬೇಕೇ? ಅವರು ಚಿಕಿತ್ಸೆಯಲ್ಲಿದ್ದಾರೆ. ಹೇಗೂ ಕಾಯಬೇಕಲ್ಲ, ನೀವೂ ಒಂದೆರಡು ಉಪಚಾರ ಮಾಡಿಸಿಕೊಳ್ಳಿ. ನೀವೂ ಸುಸ್ತಾದಂತೆ ಕಾಣುತ್ತೀರಿ. ಕೊನೆಯ ಮಾತು ಸುಳ್ಳೂ ಅಲ್ಲ, ಲಾಕ್‌ಹಾರ್ಟ್ ಆಗಿರುವ ಡೇನ್ ಡಿಹಾನ್‌ನ ಕಣ್ಣಿನ ಕೆಳಗಿನ ಕಪ್ಪು ನ್ಯೂಯಾರ್ಕಿನ ಕಚೇರಿಯಿಂದಲೇ ಬಂದದ್ದು. ಆರೋಗ್ಯಧಾಮ ರೋಗವನ್ನು ಗಾಳಿಯಿಂದ ಸೃಷ್ಟಿಸುವುದಿಲ್ಲ, ಗಿರಾಕಿ ಒಳಗೆ ತಂದ ದಣಿವಿಗೆ ಹೆಸರಿಟ್ಟು ಬಿಲ್ ಮಾಡುತ್ತದೆ. ಚಿತ್ರಕ್ಕೆ ಇದು ಚೆನ್ನಾಗಿ ಗೊತ್ತಿದೆ.

ಪ್ಲಾಸ್ಟರ್ ವಿಚಾರ ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂಳೆ ಮುರಿದ ಹೊಸದರಲ್ಲಿ ಊತ ಇರುವುದರಿಂದ ಸಾಮಾನ್ಯವಾಗಿ ಸುತ್ತಲೂ ಪೂರ್ತಿ ಪ್ಲಾಸ್ಟರ್ ಹಾಕುವುದಿಲ್ಲ. ಒಂದು ಬದಿಗೆ ಸ್ಲ್ಯಾಬ್ ಇಟ್ಟು ಬ್ಯಾಂಡೇಜ್ ಸುತ್ತಿ, ಊತ ಇಳಿದ ಮೇಲೆ ಮತ್ತೆ ಎಕ್ಸ್‌ರೇ ತೆಗೆದು ಪೂರ್ತಿ ಹಾಕುತ್ತಾರೆ. ಮೊದಲೇ ಬಿಗಿಯಾಗಿ ಸುತ್ತಿದರೆ ಒಳಗೆ ರಕ್ತ ಓಡಾಟ ನಿಲ್ಲುವ ಅಪಾಯವಿದೆ. ಲಾಕ್‌ಹಾರ್ಟ್ ಕಣ್ಣುಬಿಟ್ಟಾಗ ಕಾಲು ಆಗಲೇ ಗಚ್ಚಾಗಿದೆ. ಮೂಳೆ ಡಾಕ್ಟರ ಬಾಗಿಲಲ್ಲಿ ಒಮ್ಮೆ ಕೂತು ಬಂದವರಿಗೆ ಇದು ಆಗಲೇ ಚುಚ್ಚಬೇಕು. ಪ್ಲಾಸ್ಟರ್ ಒಳಗೆ ಏನಿದೆ ಎಂದು ರೋಗಿಗೆ ತಿಳಿಯುವ ದಾರಿಯೇ ಇಲ್ಲ, ಡಾಕ್ಟರು ಹೇಳಿದ್ದೇ ಸತ್ಯ. ಚಿತ್ರ ಈ ಸಣ್ಣ ನಂಬಿಕೆಯನ್ನು ಎರಡು ಗಂಟೆ ಎಳೆದು ಆಮೇಲೆ ಏನು ಮಾಡುತ್ತದೆ ಎನ್ನುವುದು ಇಡೀ ಚಿತ್ರದ ಅತ್ಯಂತ ಜಾಣ ತಿರುವು. ರಾಕ್ಷಸರಿಲ್ಲ, ರಕ್ತವಿಲ್ಲ, ಸುಣ್ಣದ ಹುಡಿ ಉದುರುತ್ತದೆ ಅಷ್ಟೆ.

ಊರುಗೋಲು ಹೆಂಚಿನ ನೆಲಕ್ಕೆ ಬಡಿಯುವ ಸದ್ದು ಇನ್ನೊಂದು ಲಾಭ. ಲಾಕ್‌ಹಾರ್ಟ್ ಎಲ್ಲಿಗೆ ಕದ್ದು ಹೋದರೂ ಆ ಟಕ್ ಟಕ್ ಅವನಿಗಿಂತ ಮೊದಲೇ ಕಾರಿಡಾರು ತಲುಪುತ್ತದೆ. ಪತ್ತೇದಾರಿ ಕೆಲಸಕ್ಕೆ ಇದಕ್ಕಿಂತ ಅನನುಕೂಲದ ನಾಯಕ ಸಿಗಲಾರ.

ಇನ್ನು ಆ ಜಾಗದ ಮಾತು. ಬೆಟ್ಟದ ತುದಿಯ ಕೋಟೆ ಕಥೆಯಲ್ಲಿ ಸ್ವಿಟ್ಜರ್ಲೆಂಡಿನದು, ನಿಜದಲ್ಲಿ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಹೊಹೆನ್‌ಟ್ಸೊಲರ್ನ್ ಕೋಟೆ. ಈಗಿರುವ ಕಟ್ಟಡ ಹತ್ತೊಂಬತ್ತನೇ ಶತಮಾನದ ನಡುವೆ ಪ್ರಷ್ಯದ ರಾಜಮನೆತನ ತನ್ನ ಹಳೇ ಕೀರ್ತಿಗೆ ಕಟ್ಟಿಸಿಕೊಂಡ ಸ್ಮಾರಕ. ಅಂದರೆ ಅದು ಹುಟ್ಟಿದಾಗಲೇ ಹಳೆಯದರ ವೇಷ ಹಾಕಿಕೊಂಡಿತ್ತು. ವಂಶದ ರಕ್ತ ಶುದ್ಧವಾಗಿರಬೇಕೆಂದು ಹುಚ್ಚು ಹಿಡಿದ ಬ್ಯಾರನ್ ಕಥೆಗೆ ಇದಕ್ಕಿಂತ ಒಪ್ಪುವ ಕಲ್ಲು ಸಿಕ್ಕೀತೇ? 2015ರ ಜುಲೈನಲ್ಲಿ ಚಿತ್ರೀಕರಣಕ್ಕಾಗಿ ಕೋಟೆಯನ್ನು ಪ್ರವಾಸಿಗರಿಗೆ ಮುಚ್ಚಿದ್ದರು.

ಒಳಾಂಗಣದ ಬಹುಪಾಲು ಅಲ್ಲಿಯದಲ್ಲ. ಬರ್ಲಿನ್ ಹತ್ತಿರ ಬೇಲಿಟ್ಸ್ ಎಂಬಲ್ಲಿ ಕಾಡಿನ ನಡುವೆ ಪಾಳುಬಿದ್ದ ದೊಡ್ಡ ಆಸ್ಪತ್ರೆಯಿದೆ. 1898ರಲ್ಲಿ ಬರ್ಲಿನ್ನಿನ ಕಾರ್ಮಿಕರ ಕ್ಷಯಕ್ಕೆಂದು ಕಟ್ಟಲು ತೊಡಗಿದ ಸ್ಯಾನಟೋರಿಯಂ ಅದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಯಿತು, 1916ರಲ್ಲಿ ಗಾಯಗೊಂಡ ಹಿಟ್ಲರ್ ಅಲ್ಲಿ ಮಲಗಿದ್ದ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಸೇನೆಯ ಕೈಗೆ ಹೋಯಿತು, ತೊಂಬತ್ತರ ದಶಕದಲ್ಲಿ ಅವರು ಬಿಟ್ಟುಹೋದ ಮೇಲೆ ಬಹುಪಾಲು ಕಟ್ಟಡಗಳು ಹಾಗೇ ಉಳಿದವು. ಈಜುಕೊಳದ ದೃಶ್ಯಗಳು ಜ್ವಿಕಾವ್ ಪಟ್ಟಣದ ಯೋಹಾನಿಸ್‌ಬಾದ್ ಎಂಬ ಹಳೆಯ ಸ್ನಾನಗೃಹದವು. ಉಳಿದದ್ದು ಬಾಬೆಲ್ಸ್‌ಬರ್ಗ್ ಸ್ಟುಡಿಯೊದಲ್ಲಿ ಹಾಕಿದ ಸೆಟ್ಟು. ಮೂರು ನಾಲ್ಕು ಊರಿನ ಗೋಡೆಗಳನ್ನು ಒಂದೇ ಕಟ್ಟಡವೆಂದು ನಂಬಿಸುವುದು ಕಲಾನಿರ್ದೇಶಕಿ ಈವ್ ಸ್ಟೀವರ್ಟ್ ಕೆಲಸ. ಅವರು ಹೊಲಿದಿರುವ ದಾರ ಬಣ್ಣದ್ದು: ಎಲ್ಲಿ ನೋಡಿದರೂ ಪಾಚಿ ಹತ್ತಿದ ನೀರಿನ ತೆಳು ಹಸಿರು, ಹಲ್ಲಿನ ಹಳದಿ ತಾಗಿದ ಬಿಳಿ. ನಡುವೆ ಆರೋಗ್ಯಧಾಮದಲ್ಲೇ ಇರುವ ಹುಡುಗಿ ಹನ್ನಾಳ ನೀಲಿ ಅಂಗಿ ಮತ್ತು ‘ವಿಟಮಿನ್’ ಇರುವ ಪುಟ್ಟ ನೀಲಿ ಸೀಸೆ ಮಾತ್ರ ಕಣ್ಣಿಗೆ ಎದ್ದು ಬೀಳುತ್ತವೆ. ಎರಡಕ್ಕೂ ಸಂಬಂಧವಿದೆ ಎಂದು ಕಣ್ಣು ಮೊದಲೇ ಹೇಳಿಬಿಡುತ್ತದೆ, ಕಥೆ ಆಮೇಲೆ ಹೇಳುತ್ತದೆ.

ಛಾಯಾಗ್ರಾಹಕ ಬೋಯಾನ್ ಬಝೆಲಿ ‘ದಿ ರಿಂಗ್’ನಲ್ಲೂ ವರ್ಬಿನ್ಸ್ಕಿಯ ಜೊತೆಗಿದ್ದವರು. ಇಲ್ಲಿ ಅವರ ಆಟವೆಲ್ಲ ಪ್ರತಿಬಿಂಬದ್ದು. ರೈಲು ತಿರುವಿನಲ್ಲಿ ಬಾಗುವಾಗ ಕ್ಯಾಮೆರಾ ಬೋಗಿಯ ಹೊರಮೈಗೆ ಅಂಟಿದಂತಿರುತ್ತದೆ, ಬೆಟ್ಟ ಮತ್ತು ಅದರ ಪ್ರತಿಬಿಂಬ ಪರದೆಯನ್ನು ಸರಿಯಾಗಿ ಎರಡು ಸೀಳು ಮಾಡುತ್ತವೆ. ಒಂದು ಕ್ಷಣ ಯಾವುದು ನಿಜ, ಯಾವುದು ಗಾಜು ಎಂದು ಗೊತ್ತಾಗುವುದಿಲ್ಲ. ಆಮೇಲೆ ಬರುವ ನೀರಿನ ಮೇಲ್ಮೈ, ಹೆಂಚು, ಪ್ರಾಣಿಯ ಕಣ್ಣು ಎಲ್ಲಕ್ಕೂ ಇದೇ ಮುನ್ಸೂಚನೆ. ಹಬೆಸ್ನಾನದ ದೃಶ್ಯದಲ್ಲಿ ಇದು ತುದಿ ಮುಟ್ಟುತ್ತದೆ. ಲಾಕ್‌ಹಾರ್ಟ್ ಹಬೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಊರುಗೋಲು ಹಾಕುತ್ತ ಹೋಗುತ್ತಾನೆ. ಎಲ್ಲ ಕೋಣೆಯೂ ಒಂದೇ ತರ ಬಿಳಿ ಹೆಂಚಿನದು. ಬಂದ ದಾರಿ ತಿರುಗಿ ನೋಡಿದರೆ ಗೋಡೆ. ಎದುರಿಗೆ ಹಬೆಯಲ್ಲಿ ನಿಂತಿರುವುದು ಜಿಂಕೆ.

ನಮ್ಮ ಕಡೆಯ ನೋಡುಗರಿಗೆ ಈ ಹಬೆಕೋಣೆ, ತೊಟ್ಟಿ, ಲೋಟಗಟ್ಟಲೆ ನೀರು ಅಷ್ಟೇನೂ ಪರಕೀಯ ಅನ್ನಿಸಲಾರದು. ಪ್ರಕೃತಿ ಚಿಕಿತ್ಸೆಯ ನೀರಿನ ಉಪಚಾರಗಳು ಬಂದಿರುವುದೇ ಜರ್ಮನ್ ಮಾತಿನ ಸೀಮೆಯಿಂದ. ಹತ್ತೊಂಬತ್ತನೇ ಶತಮಾನದಲ್ಲಿ ಗ್ರೇಫನ್‌ಬರ್ಗಿನ ಪ್ರೀಸ್‌ನಿಟ್ಸ್ ತಣ್ಣೀರಿನ ಪಟ್ಟಿ ಕಟ್ಟಿ ಪ್ರಸಿದ್ಧನಾದ. ಪಾದ್ರಿ ಕ್ನೈಪ್ ತಣ್ಣೀರು ಸುರಿಯುವುದನ್ನೇ ಒಂದು ಪದ್ಧತಿ ಮಾಡಿದ. ಲೈಪ್‌ಜಿಗ್‌ನ ಲೂಯಿ ಕೂನೆ ಕಟಿಸ್ನಾನ, ಹಬೆಸ್ನಾನದ ಪುಸ್ತಕ ಬರೆದ. ಗಾಂಧೀಜಿ ಕೂನೆಯನ್ನು ಓದಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು, ಅವರ ಮೂಲಕ ಅದು ಇಡೀ ದೇಶಕ್ಕೆ ಹರಡಿತು. ಇಂದು ಧರ್ಮಸ್ಥಳದ ಶಾಂತಿವನದಲ್ಲೋ ಪರೀಕದ ಸೌಖ್ಯವನದಲ್ಲೋ ಕಟಿಸ್ನಾನದ ತೊಟ್ಟಿಯಲ್ಲಿ ಕೂರುವವರು ಆ ಹಳೇ ಬೆಟ್ಟದ ಚಿಕಿತ್ಸಾಲಯಗಳ ದೂರದ ನೆಂಟರು. ಕ್ಷಯದ ಸ್ಯಾನಟೋರಿಯಂ ಕೂಡ ಅಲ್ಲಿಂದಲೇ ಬಂದ ಕಲ್ಪನೆ. ಔಷಧವಿಲ್ಲದ ಕಾಲದಲ್ಲಿ ಗಾಳಿ, ವಿಶ್ರಾಂತಿ, ಹೊಟ್ಟೆತುಂಬ ಊಟವೇ ಚಿಕಿತ್ಸೆ. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಹುಟ್ಟಿದ್ದೂ ಅದೇ ನಂಬಿಕೆಯಿಂದ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬಂದ ಮೇಲೆ ಯುರೋಪಿನ ಆ ಕಟ್ಟಡಗಳಿಗೆ ಕೆಲಸ ತಪ್ಪಿತು. ಕೆಲವು ಹೋಟೆಲಾದವು, ಕೆಲವು ಪಾಳುಬಿದ್ದವು. ಭಯಾನಕ ಚಿತ್ರಗಳು ಅವನ್ನು ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ.

ಕಥೆಯ ಮೂಲ ಚೌಕಟ್ಟು ಥಾಮಸ್ ಮಾನ್ 1924ರಲ್ಲಿ ಪ್ರಕಟಿಸಿದ ‘ದಿ ಮ್ಯಾಜಿಕ್ ಮೌಂಟನ್’ ಕಾದಂಬರಿಗೆ ಋಣಿ. ಅಲ್ಲಿ ದಾವೋಸ್‌ನ ಸ್ಯಾನಟೋರಿಯಮ್ಮಿಗೆ ದಾಯಾದಿಯನ್ನು ನೋಡಲು ಮೂರು ವಾರಕ್ಕೆಂದು ಬಂದ ಹುಡುಗ ಏಳು ವರ್ಷ ಉಳಿಯುತ್ತಾನೆ. ನೋಡಲು ಬಂದವನೇ ರೋಗಿಯಾಗುವ ಈ ತಿರುವನ್ನು ವರ್ಬಿನ್ಸ್ಕಿ ಮತ್ತು ಚಿತ್ರಕಥೆಗಾರ ಜಸ್ಟಿನ್ ಹೇತ್ ಎತ್ತಿಕೊಂಡು ಭಯಾನಕ ಕಥೆಯ ಬಾಣಲೆಗೆ ಹಾಕಿದ್ದಾರೆ.

ತೊಟ್ಟಿಯ ದೃಶ್ಯವನ್ನು ಬಿಡುವ ಹಾಗಿಲ್ಲ. ಇಂದ್ರಿಯಗಳಿಗೆ ಏನೂ ತಾಗದಂತೆ ನೀರಿನಲ್ಲಿ ತೇಲಿಸುವ ತೊಟ್ಟಿಯನ್ನು ಮೊದಲು ಮಾಡಿದವರು ಅಮೆರಿಕದ ಜಾನ್ ಲಿಲ್ಲಿ, 1954ರಲ್ಲಿ. ಈಗಿನ ಸ್ಪಾಗಳಲ್ಲಿರುವ ತೊಟ್ಟಿಯಲ್ಲಿ ನೀರು ಒಂದಡಿಗಿಂತ ಹೆಚ್ಚಿರುವುದಿಲ್ಲ. ನೂರಾರು ಕೆಜಿ ಎಪ್ಸಮ್ ಉಪ್ಪು ಕರಗಿಸಿರುತ್ತಾರೆ, ಮುಳುಗಬೇಕೆಂದರೂ ಮುಳುಗಲಾಗದು. ಲಿಲ್ಲಿಯ ಮೊದಲ ತೊಟ್ಟಿ ಹಾಗಿರಲಿಲ್ಲ, ಮುಖಕ್ಕೆ ಉಸಿರಾಟದ ಮುಖವಾಡ ಹಾಕಿ ಆಳವಾದ ನೀರಿನಲ್ಲಿ ಪೂರ್ತಿ ಮುಳುಗಬೇಕಿತ್ತು. ಚಿತ್ರದ ತೊಟ್ಟಿ ಈ ಹಳೆಯ ಜಾತಿಯದು: ನೆಟ್ಟಗೆ ನಿಂತ ಕಬ್ಬಿಣದ ಹಂಡೆ, ಸಣ್ಣ ಗಾಜಿನ ಕಿಟಕಿ, ಬಾಯಿಗೆ ಗಾಳಿಯ ಕೊಳವೆ. ಹಾಗಾಗಿ ಎಲ್ಲಿ ಏನು ಕೆಡಬಹುದು ಎನ್ನುವುದು ಮುಚ್ಚಳ ಹಾಕುವ ಮೊದಲೇ ಗೊತ್ತಾಗುತ್ತದೆ. ಕೊಳವೆ ಜಾರಬಹುದು, ಹೊರಗಿನ ಕಾವಲುಗಾರನ ಗಮನ ಬೇರೆಡೆ ಹೋಗಬಹುದು. ಎರಡೂ ಆಗುತ್ತವೆ. ನೀರಿನೊಳಗಿಂದ ಮೊದಲು ಒಂದು ನೆರಳು ಸರಿಯುತ್ತದೆ, ಆಮೇಲೆ ಹಲವು. ಹಾವುಮೀನುಗಳು. ತಪ್ಪಿಸಿಕೊಳ್ಳಲಿಕ್ಕೆ ಒಂದು ಗೇಣೂ ಜಾಗವಿಲ್ಲ. ಗಾಜಿನ ಆಚೆ ಮನುಷ್ಯ ತನ್ನ ಪಾಡಿಗೆ ತಾನಿದ್ದಾನೆ.

ದಂತವೈದ್ಯನ ಕುರ್ಚಿಯ ದೃಶ್ಯ ಇನ್ನೂ ಚಿಕ್ಕದು, ಇನ್ನೂ ಕೆಟ್ಟದು. ಬಾಯಿ ತೆರೆದೇ ಇರುವಂತೆ ಕೊಕ್ಕೆ ಹಾಕಿ, ಮರಗಟ್ಟಿಸುವ ಸೂಜಿ ಇಲ್ಲದೆ, ಗಟ್ಟಿಯಾಗಿರುವ ಮುಂದಿನ ಹಲ್ಲಿಗೆ ಡ್ರಿಲ್ ಇಳಿಸುತ್ತಾರೆ. ಹಲ್ಲಿನ ಹೊರಕವಚಕ್ಕೆ ನೋವು ಗೊತ್ತಾಗುವುದಿಲ್ಲ, ಒಳಗಿನ ತಿರುಳಿನಲ್ಲಿ ನರವಿದೆ. ದೃಶ್ಯದ ಸದ್ದು ಈ ಕ್ರಮವನ್ನೇ ಹಿಡಿದು ಏರುತ್ತದೆ. ಇಲ್ಲಿ ಕ್ಯಾಮೆರಾ ನಿಮ್ಮ ಪರವಾಗಿ ಮುಖ ತಿರುಗಿಸುವುದಿಲ್ಲ, ನೀವೇ ತಿರುಗಿಸಿಕೊಳ್ಳಬೇಕು. ರೂಟ್ ಕೆನಾಲ್‌ಗೆ ಸಮಯ ಗೊತ್ತುಮಾಡಿಕೊಂಡವರು ಚಿತ್ರವನ್ನು ಒಂದು ವಾರ ಮುಂದೂಡುವುದು ಲೇಸು.

ಸಂಗೀತ ಬೆಂಜಮಿನ್ ವಾಲ್‌ಫಿಶ್ ಅವರದು. ಹುಡುಗಿಯೊಬ್ಬಳು ಗುನುಗುವ ಜೋಗುಳದಂಥ ಒಂದು ರಾಗ ಇಡೀ ಚಿತ್ರವನ್ನು ಹಿಡಿದಿಟ್ಟಿದೆ. ಕೇಳಿದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅದೇ ಬಾಯಿಗೆ ಬರುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಅವರವರಿಗೆ ಬಿಟ್ಟದ್ದು.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಬಿಡಿಸಲೇಬೇಕು. ನೋಡದವರು ಈ ಬರಹದ ಕೊನೆಯ ಮೂರು ಪ್ಯಾರಾಗಳಿಗೆ ಹಾರಬಹುದು.

ಎರಡು ಶತಮಾನದ ಹಿಂದೆ ಇದೇ ಕೋಟೆಯ ಬ್ಯಾರನ್ ವಂಶದ ರಕ್ತ ಕಲಬೆರಕೆಯಾಗಬಾರದೆಂದು ತಂಗಿಯನ್ನೇ ಮದುವೆಯಾಗಲು ಹೊರಟಿದ್ದ. ಊರಿನವರು ದಂಗೆಯೆದ್ದು ಕೋಟೆಗೆ ಬೆಂಕಿಯಿಟ್ಟರು. ಬೆಟ್ಟದ ಅಡಿಯ ಅಂತರ್ಜಲದಲ್ಲಿ ಆಯಸ್ಸು ಹಿಗ್ಗಿಸುವ ಗುಣವಿದೆ, ಆದರೆ ಅದು ಮನುಷ್ಯರಿಗೆ ವಿಷ. ಅಲ್ಲಿನ ಹಾವುಮೀನುಗಳು ಮಾತ್ರ ಅದಕ್ಕೆ ಒಗ್ಗಿಹೋಗಿವೆ. ಬ್ಯಾರನ್ ಕಂಡುಕೊಂಡ ಉಪಾಯ, ಮನುಷ್ಯರ ದೇಹವನ್ನೇ ಶೋಧಕವಾಗಿ ಬಳಸುವುದು. ನೀರು ಅವರ ಮೈಯೊಳಗೆ ಹಾದು, ಬಟ್ಟಿಯಿಳಿದು, ಕೊನೆಗೆ ನೀಲಿ ಸೀಸೆಯ ಕೆಲವೇ ಹನಿಯಾಗುತ್ತದೆ. ಎಷ್ಟು ನೀರು ಕುಡಿದರೂ ರೋಗಿಗಳು ಒಣಗುವುದೇಕೆ, ಹಲ್ಲು ಉದುರುವುದೇಕೆ ಎಂಬುದಕ್ಕೆ ಉತ್ತರ ಇದು. ಆರೋಗ್ಯಧಾಮ ನಡೆಸುವ ಡಾಕ್ಟರ್ ವೋಲ್ಮರ್ ಬೇರೆ ಯಾರೂ ಅಲ್ಲ, ಅದೇ ಬ್ಯಾರನ್. ಹನ್ನಾ ಅವನ ಮಗಳು.

ಶೋಧಕದ ಕಲ್ಪನೆ ಸೊಗಸಾಗಿದೆ. ದುಡ್ಡಿದ್ದವರು ಆರೋಗ್ಯ ಕೊಳ್ಳಲು ಬಂದು ತಾವೇ ಜರಡಿಯಾಗುವುದು ಈ ಚಿತ್ರ ಮೊದಲಿನಿಂದ ಹೇಳುತ್ತ ಬಂದ ಮಾತಿಗೆ ಸರಿಯಾಗಿ ಕೂರುತ್ತದೆ. ಕಂಪನಿಯಲ್ಲಿ ಅವರು ಬೇರೆಯವರನ್ನು ಹಿಂಡಿದ ಹಾಗೆಯೇ ಇಲ್ಲಿ ಅವರನ್ನು ಹಿಂಡುತ್ತಾರೆ. ಹಾವುಮೀನಿನ ಆಯ್ಕೆಯೂ ಕೈಗೆ ಸಿಕ್ಕಿದ್ದಲ್ಲ. ಯುರೋಪಿನ ಹಾವುಮೀನು ಬೆಳೆಯುವುದು ಸಿಹಿನೀರಿನಲ್ಲಿ, ಮೊಟ್ಟೆಯಿಡಲು ಅಟ್ಲಾಂಟಿಕ್ ದಾಟಿ ಸಾರ್ಗಾಸೊ ಸಮುದ್ರಕ್ಕೆ ಹೋಗುತ್ತದೆ. ಅದರ ಹಸಿ ರಕ್ತ ಮನುಷ್ಯರಿಗೆ ನಿಜಕ್ಕೂ ವಿಷ, ಬೇಯಿಸಿದರೆ ಆ ವಿಷ ಹೋಗುತ್ತದೆ. ರಾತ್ರಿ ಬೇಟೆಯಾಡುವ, ಸತ್ತದ್ದನ್ನೂ ತಿನ್ನುವ ಮೀನು. ಈ ಗುಣಗಳನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬೇರೆ ಯಾವ ಮೀನು ಹಾಕಿದ್ದರೂ ಇಷ್ಟು ಒಪ್ಪುತ್ತಿರಲಿಲ್ಲ.

ಕೆಡುವುದು ಎಲ್ಲಿ ಎಂದರೆ, ಉತ್ತರ ಸಿಕ್ಕಿದ ಮೇಲೂ ಚಿತ್ರ ನಿಲ್ಲದೇ ಇರುವುದರಲ್ಲಿ. ಲಾಕ್‌ಹಾರ್ಟ್ ಎಲ್ಲ ಸೋತು, ಹಟ ಬಿಟ್ಟು, ನಿಲುವಂಗಿ ತೊಟ್ಟ ಉಳಿದವರ ಹಾಗೆಯೇ ತಾನೂ ಸುಖವಾಗಿದ್ದೇನೆಂದು ಒಪ್ಪಿಕೊಂಡು ಕೂರುವ ಒಂದು ಹಂತವಿದೆ. ಇಡೀ ಚಿತ್ರದಲ್ಲಿ ಬೆನ್ನು ತಣ್ಣಗಾಗುವುದು ಅಲ್ಲಿ. ಹಿಂಸೆ ಮುಗಿದಿದೆ, ರೋಗಿ ತಯಾರಾಗಿದ್ದಾನೆ. ಅಲ್ಲಿಗೆ ಪರದೆ ಬೀಳಬಹುದಿತ್ತು. ಬದಲಿಗೆ ಮದುವೆಯ ಕುಣಿತ, ಮುಖದ ಚರ್ಮ ಕಿತ್ತುಬರುವುದು, ಮಗಳ ಮೇಲೆ ಕೈಹಾಕುವ ಅಪ್ಪ, ಬೆಂಕಿ, ಸಲಿಕೆಯ ಪೆಟ್ಟು, ಕೊಳದಲ್ಲಿ ಮುತ್ತುವ ಹಾವುಮೀನು. ಹಳೇ ಬ್ರಿಟಿಷ್ ಭಯಾನಕ ಚಿತ್ರಗಳಿಗೆ ಕೈಮುಗಿಯುವ ಆಸೆ ಅರ್ಥವಾಗುತ್ತದೆ, ಆದರೆ ಆ ಪೂಜೆಗೆ ಈ ಚಿತ್ರ ನೈವೇದ್ಯವಾಗಬೇಕಿರಲಿಲ್ಲ. ಸಂಸ್ಥೆಯೊಂದು ಮಾಡುತ್ತಿದ್ದ ಕೇಡು ಒಬ್ಬ ವಿಕೃತ ಮುದುಕನ ಕೇಡಾಗಿ ಕುಗ್ಗುತ್ತದೆ. ಅವನು ಸತ್ತರೆ ಸಮಸ್ಯೆ ಮುಗಿಯಿತು. ಲೋಟದ ನೀರಿಗೆ ಹಾಗೆ ಮುಗಿತಾಯವಿಲ್ಲ, ಭಯ ಇದ್ದದ್ದೇ ಅಲ್ಲಿ.

ಹನ್ನಾಳ ಪಾತ್ರಕ್ಕೆ ಆದದ್ದು ಇನ್ನೂ ಅನ್ಯಾಯ. ಕೋಟೆಯ ಅಂಚಿನ ಗೋಡೆಯ ಮೇಲೆ ಬರಿಗಾಲಲ್ಲಿ ನಿಂತ ಹುಡುಗಿಯಾಗಿ ಮಿಯಾ ಗಾಥ್ ಮೊದಲ ನೋಟದಲ್ಲೇ ಹಿಡಿದು ನಿಲ್ಲಿಸುತ್ತಾಳೆ. ಮಗುವೋ ಹೆಂಗಸೋ ಮುದುಕಿಯೋ ಹೇಳಲಾಗದ ಮುಖ. ಸೈಕಲ್ಲಿನಲ್ಲಿ ಊರಿಗೆ ಇಳಿದು, ಮೊದಲ ಸಲ ಬಿಯರ್ ಕುಡಿದು, ಹಾಡಿಗೆ ಒಬ್ಬಳೇ ತೂಗಾಡುವ ದೃಶ್ಯದಲ್ಲಿ ಚಿತ್ರ ಒಂದು ಘಳಿಗೆ ಬದುಕುತ್ತದೆ. ಇಷ್ಟು ಒಳ್ಳೆಯ ಪಾತ್ರವನ್ನು ಕೊನೆಗೆ ಮಂಚಕ್ಕೆ ಕಟ್ಟಿ ಕಿರುಚಿಸುವುದು ಬರವಣಿಗೆಯ ಸೋಮಾರಿತನ. ಸಲಿಕೆಯ ಪೆಟ್ಟು ಅವಳ ಕೈಯಿಂದಲೇ ಬಿತ್ತು ಎನ್ನುವುದು ಸಾಲದ ಬಡ್ಡಿಗೂ ಸಾಲದು.

ತರ್ಕದ ತೂತುಗಳನ್ನು ಎಣಿಸುತ್ತ ಕೂತರೆ ಸಂಜೆಯಾಗುತ್ತದೆ. ಇಷ್ಟು ಶ್ರೀಮಂತರು ಒಬ್ಬೊಬ್ಬರಾಗಿ ಮನೆಗೆ ಬರದೇ ಹೋದರೆ ಮಕ್ಕಳು, ವಕೀಲರು, ಬ್ಯಾಂಕಿನವರು ಯಾರೂ ಹುಡುಕಿಕೊಂಡು ಬರುವುದಿಲ್ಲವೇ? ಆದರೆ ಲಾಕ್‌ಹಾರ್ಟ್ ಹೋಗುವುದು, ಸಿಕ್ಕಿಬೀಳುವುದು, ಮತ್ತೆ ಹಾಸಿಗೆಗೆ ಬರುವುದು ಪದೇಪದೇ ಆಗುವುದು ಅದಕ್ಕಿಂತ ದೊಡ್ಡ ತೊಂದರೆ. ಪ್ರತಿ ಸಲವೂ ಅವನಿಗೆ ಸ್ವಲ್ಪ ಹೊಸದು ಗೊತ್ತಾಗುತ್ತದೆ, ನಮಗೆ ಅಷ್ಟು ಗೊತ್ತಾಗುವುದಿಲ್ಲ, ನಾವಾಗಲೇ ಊಹಿಸಿರುತ್ತೇವೆ. ಒಂದು ಸುತ್ತು ಕತ್ತರಿಸಿದ್ದರೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ನಟನೆಯಲ್ಲಿ ಗೆದ್ದವರು ಜೇಸನ್ ಐಸಾಕ್ಸ್. ಅವರ ವೋಲ್ಮರ್ ಒಂದು ಸಲವೂ ಸ್ವರ ಏರಿಸದೆ ಮುಕ್ಕಾಲು ಚಿತ್ರ ಆಳುತ್ತಾನೆ. ರೋಗಿಯ ಮಾತಿಗೆ ತಲೆಯಾಡಿಸುವ ರೀತಿ, ಉತ್ತರಕ್ಕೆ ಮೊದಲು ಅರೆಕ್ಷಣ ನಿಲ್ಲುವ ರೀತಿ, ದೊಡ್ಡ ಆಸ್ಪತ್ರೆಯ ಹಿರಿಯ ಡಾಕ್ಟರನ್ನು ಕಂಡವರಿಗೆಲ್ಲ ಪರಿಚಿತ. ಡಿಹಾನ್ ಪಾತ್ರ ಇಷ್ಟವಾಗುವಂಥದ್ದಲ್ಲ, ಆಗಬೇಕೆಂದೂ ಚಿತ್ರ ಬಯಸುವುದಿಲ್ಲ. ಪದಬಂಧ ಬಿಡಿಸುತ್ತ, ಕೋಟೆಯ ಇತಿಹಾಸ ಕೆದಕುತ್ತ ಕೂರುವ ರೋಗಿ ವಿಕ್ಟೋರಿಯಾ ವಾಟ್ಕಿನ್ಸ್ ಆಗಿ ಸೀಲಿಯಾ ಇಮ್ರಿ ಸಿಕ್ಕ ಕೆಲವೇ ದೃಶ್ಯದಲ್ಲಿ ನೆನಪುಳಿಯುತ್ತಾರೆ.

ನೋಡುವವರಿಗೆ ಕೆಲವು ಮಾತು. ಚಿತ್ರದ ಚೌಕಟ್ಟು 1.66:1, ಯುರೋಪಿನ ಹಳೇ ಚಿತ್ರಗಳ ಅಳತೆ. ಈಗಿನ ಟಿವಿಯಲ್ಲಿ ಎಡಬಲಕ್ಕೆ ತೆಳುವಾದ ಕಪ್ಪುಪಟ್ಟಿ ಉಳಿಯುತ್ತದೆ. ಅದು ದೋಷವಲ್ಲ, ಪರದೆ ತುಂಬಿಸಲು ಜೂಮ್ ಒತ್ತಿದರೆ ಮೇಲೆ ಕೆಳಗೆ ಕತ್ತರಿಸಿಹೋಗಿ ಎತ್ತರದ ಕೋಣೆಗಳ ಅಂದ ಕೆಡುತ್ತದೆ. ಟಿವಿಯಲ್ಲಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯ ಚಾಲೂ ಇದ್ದರೆ ಆರಿಸಿ, ಬಣ್ಣವನ್ನು ಸಿನಿಮಾ ಮೋಡ್‌ಗೆ ಇಡಿ. ‘ವಿವಿಡ್’ನಲ್ಲಿ ಆ ಪಾಚಿ ಹಸಿರು ಹಸಿರು ದೀಪದ ಹಾಗೆ ಹೊಳೆದು ಎಲ್ಲ ಹಾಳಾಗುತ್ತದೆ. ಹಗಲು ಕಿಟಕಿ ತೆರೆದು ನೋಡುವ ಚಿತ್ರ ಅಲ್ಲ, ನೆಲಮಾಳಿಗೆಯ ದೃಶ್ಯಗಳಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ. ಕೊಳಾಯಿಯ ಗುಳುಗುಳು, ದೂರದ ಊರುಗೋಲು, ಫ್ಲಶ್ ಟ್ಯಾಂಕಿನ ಹಿಡಿ ತಾನಾಗಿ ನಡುಗುವ ಸಣ್ಣ ಸದ್ದು ಟಿವಿಯ ಸ್ಪೀಕರಿನಲ್ಲಿ ಸಿಗುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ‘ಆರ್’ ಪ್ರಮಾಣಪತ್ರ. ಮಕ್ಕಳನ್ನು ಮಲಗಿಸಿದ ಮೇಲೆ ನೋಡುವುದು. ಬೆತ್ತಲೆ ದೃಶ್ಯ, ಪ್ರಾಣಿಗಳ ಸಾವು, ಆತ್ಮಹತ್ಯೆ, ಲೈಂಗಿಕ ದೌರ್ಜನ್ಯದ ಯತ್ನ, ರಕ್ತಸಂಬಂಧದೊಳಗಿನ ಮದುವೆ ಎಲ್ಲವೂ ಇದೆ. ಊಟ ಮಾಡುತ್ತ ನೋಡಬಾರದು ಎನ್ನುವುದಕ್ಕೆ ಹಲ್ಲು ಒಂದೇ ಕಾರಣ ಅಲ್ಲ, ಗಂಟಲಿಗೆ ಕೊಳವೆಯಿಳಿಸುವ ದೃಶ್ಯವೂ ಇದೆ. ಮುಚ್ಚಿದ ಜಾಗದ ಭಯ ಇರುವವರಿಗೆ ತೊಟ್ಟಿಯ ದೃಶ್ಯ ನಿಜವಾಗಿ ಕಷ್ಟ, ಅಂಥವರು ಅದನ್ನು ದಾಟಿಸಿಬಿಡಬಹುದು. ಕಥೆ ತಪ್ಪುವುದಿಲ್ಲ.

ಒಂದೇ ಕೂತಿಗೆ ಮುಗಿಸಲಾಗದಿದ್ದರೆ ನಡುವೆ ನಿಲ್ಲಿಸಲು ಒಳ್ಳೆಯ ಜಾಗ ಲಾಕ್‌ಹಾರ್ಟ್ ಮತ್ತು ಹನ್ನಾ ಊರಿನಿಂದ ಬೆಟ್ಟಕ್ಕೆ ಮರಳಿದ ಮೇಲೆ. ಎರಡನೇ ಸಲ ನೋಡುವವರು ಕಣ್ಣು ಮುಚ್ಚಿದ ನರ್ತಕಿಯ ಪುಟ್ಟ ಗೊಂಬೆಯ ಮೇಲೆ ಕಣ್ಣಿಡಿ. ಅದನ್ನು ಬಣ್ಣ ಹಚ್ಚಿ ಮಾಡಿದವಳು ಲಾಕ್‌ಹಾರ್ಟ್‌ನ ತಾಯಿ. ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾವಾಗ ಮರಳಿ ಬರುತ್ತದೆ ಎಂದು ನೋಡಿ. ಕೊನೆಯಲ್ಲಿ ಸೈಕಲ್ ಹೋಗಿ ಕಂಪನಿಯವರ ಕಾರಿಗೆ ಡಿಕ್ಕಿ ಹೊಡೆದ ಮೇಲೆ ಲಾಕ್‌ಹಾರ್ಟ್ ನಗುವ ನಗುವಿನಲ್ಲಿ ಹಲ್ಲುಗಳನ್ನು ಗಮನಿಸಿ.